ಗುಗ್ಗೆ: ಕಿವಿಯ ಕೊಳೆಯಲ್ಲ, ಕಿವಿಯ ಕಾವಲು

ಕೆಂಗೇರಿ ಉಪನಗರದ ನಿವೃತ್ತ ಉಪಾಧ್ಯಾಯರೊಬ್ಬರು ಶ್ರೀಮಠದ ಪ್ರವಚನಗಳಿಗೆ ತಪ್ಪದೆ ಬರುತ್ತಿದ್ದವರು. ವಯಸ್ಸು 74. ಮುಂದಿನ ಸಾಲಿನಲ್ಲಿ ಕುಳಿತು, ಕೇಳಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಮಾತುಗಳನ್ನು ಸಣ್ಣ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವರ ರೂಢಿ. ಕಳೆದ ವರ್ಷ ಅವರು ಮೊದಲು ಬರೆಯುವುದನ್ನು ಬಿಟ್ಟರು. ಬಳಿಕ ಬರುವುದನ್ನೇ ಬಿಟ್ಟರು. ಒಂದು ಸಂಜೆ ಮಗ ಅವರನ್ನು ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ತಂದೆಯವರು ಪಕ್ಕದಲ್ಲೇ ಕುಳಿತಿದ್ದರೂ, ಅವರಿಗೆ ಕೇಳಿಸದೆಂಬ ಧೈರ್ಯದಿಂದಲೋ ಏನೋ, ಮಗ ಎಂದಿನ ದನಿಯಲ್ಲೇ ಹೇಳಿದರು: "ಅಪ್ಪಾಜಿಗೆ ಮರೆವಿನ ಕಾಯಿಲೆ ಶುರುವಾಗಿದೆ ಅನ್ನಿಸುತ್ತೆ ಡಾಕ್ಟ್ರೇ. ಒಂದು ಕೇಳಿದರೆ ಇನ್ನೊಂದು ಹೇಳ್ತಾರೆ. ಟಿವಿ ಸದ್ದು ಪಕ್ಕದ ಮನೆಗೂ ಕೇಳುತ್ತೆ. ನನ್ನ ಹೆಂಡತಿ ಊಟಕ್ಕೆ ಕರೆದರೆ ತಿರುಗಿಯೂ ನೋಡಲ್ಲ."

ನಾನು ಮೇಷ್ಟ್ರನ್ನು ಮಾತನಾಡಿಸುವ ಮೊದಲು ಓಟೋಸ್ಕೋಪನ್ನು ಕೈಗೆತ್ತಿಕೊಂಡು ಅವರ ಎರಡು ಕಿವಿಗಳನ್ನೂ ನೋಡಿದೆ. ಕಿವಿತಮಟೆ ಕಾಣಬೇಕಾದ ಜಾಗದಲ್ಲಿ ಎರಡೂ ಕಡೆ ಕಪ್ಪನೆಯ ಗೋಡೆ ಎದ್ದಿತ್ತು. ಅದು ಗುಗ್ಗೆ. "ಕಿವಿ ಶುಚಿ ಮಾಡಿಕೊಳ್ಳುವ ಅಭ್ಯಾಸ ಉಂಟೇ?" ಎಂದು ಕಿವಿಯ ಹತ್ತಿರ ಬಾಗಿ ಕೇಳಿದಾಗ ಅವರು ಹೆಮ್ಮೆಯಿಂದಲೇ ಉತ್ತರಿಸಿದರು: "ದಿನಾ ಸ್ನಾನ ಆದ ಮೇಲೆ ಬಡ್ಸ್ ಹಾಕಿ ತೆಗೀತೀನಿ. ಒಂದು ದಿನವೂ ತಪ್ಪಿಸಿಲ್ಲ."

ಅವರ ತೊಂದರೆಯ ಮೂಲ ಈ ಉತ್ತರದಲ್ಲೇ ಇತ್ತು. ಆ ಕಥೆಯ ಮುಂದಿನ ಭಾಗವನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಮೊದಲು, ನಾವೆಲ್ಲರೂ ಕಂಡಿರುವ, ಆದರೆ ಹೆಚ್ಚಿನವರು ತಪ್ಪಾಗಿ ತಿಳಿದಿರುವ ಈ ಗುಗ್ಗೆ ಎಂಬುದು ಏನು, ಯಾವುದರಿಂದ ಆಗಿದೆ, ಏಕೆ ಇದೆ ಎಂಬುದನ್ನು ನೋಡೋಣ.

ಗುಗ್ಗೆ ಯಾವುದರಿಂದ ಆಗಿದೆ?

ಗುಗ್ಗೆಗೆ ಇಂಗ್ಲಿಷಿನಲ್ಲಿ 'ಇಯರ್ ವ್ಯಾಕ್ಸ್' ಎನ್ನುತ್ತಾರೆ. ವೈದ್ಯಶಾಸ್ತ್ರದಲ್ಲಿ ಬಳಕೆಯಲ್ಲಿರುವ 'ಸೆರುಮೆನ್' ಎಂಬ ಹೆಸರೂ ಮೇಣ ಎಂಬರ್ಥದ ಲ್ಯಾಟಿನ್ ಪದದಿಂದಲೇ ಬಂದದ್ದು. ಆದರೆ ಇದು ಜೇನುಗೂಡಿನ ಮೇಣದಂತಹ ವಸ್ತುವಲ್ಲ. ಹೊರಗಿನಿಂದ ಬಂದು ಸೇರಿದ ಧೂಳೂ ಅಲ್ಲ. ಇದರ ಬಹುಪಾಲು ನಮ್ಮದೇ ಚರ್ಮ.

ಕಿವಿಯ ಹಾಲೆಯಿಂದ ಕಿವಿತಮಟೆಯವರೆಗಿನ ಕಿವಿನಾಳ ವಯಸ್ಕರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದವಿರುತ್ತದೆ. ಹೊರಗಿನ ಮೂರನೆಯ ಒಂದು ಪಾಲು ಮೃದ್ವಸ್ಥಿಯಿಂದ ಕೂಡಿದ್ದು, ಅಲ್ಲಿನ ಚರ್ಮ ದಪ್ಪಗಿರುತ್ತದೆ. ರೋಮಗಳೂ ಗ್ರಂಥಿಗಳೂ ಇರುವುದು ಅಲ್ಲಿ ಮಾತ್ರ. ಒಳಗಿನ ಎರಡು ಪಾಲು ಎಲುಬಿನದು. ಅಲ್ಲಿನ ಚರ್ಮ ಬಹಳ ತೆಳು, ರೋಮವಿಲ್ಲ, ಗ್ರಂಥಿಯಿಲ್ಲ. ಆದ್ದರಿಂದ ಗುಗ್ಗೆ ಹುಟ್ಟುವುದು ಹೊರಬಾಗಿಲಿನ ಹತ್ತಿರವೇ ಹೊರತು ತಮಟೆಯ ಬಳಿಯಲ್ಲಲ್ಲ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ತಮಟೆಗೆ ಅಂಟಿಕೊಂಡಂತೆ ಗುಗ್ಗೆ ಕಂಡರೆ, ಅದನ್ನು ಬಹುಮಟ್ಟಿಗೆ ಯಾರೋ ಒಳಕ್ಕೆ ತಳ್ಳಿದ್ದಾರೆ ಎಂದೇ ಅರ್ಥ.

ಕಿವಿನಾಳದ ಹೊರಭಾಗದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಒಂದು, ರೋಮದ ಬುಡದಲ್ಲಿದ್ದು ಜಿಡ್ಡನ್ನು ಸ್ರವಿಸುವಂಥದ್ದು. ಮುಖದ ಮೇಲೆ, ತಲೆಯಲ್ಲಿ ಎಣ್ಣೆಯ ಪಸೆ ತರುವುದೂ ಇದೇ ಜಾತಿಯ ಗ್ರಂಥಿ. ಇನ್ನೊಂದು, ಬೆವರುಗ್ರಂಥಿಯೇ ರೂಪಾಂತರ ಹೊಂದಿ ಕಿವಿಗೆಂದೇ ಮೀಸಲಾದಂಥದ್ದು. ಒಂದೊಂದು ಕಿವಿಯಲ್ಲಿ ಇಂಥವು ಸುಮಾರು 1,000ದಿಂದ 2,000ದವರೆಗೆ ಇರುತ್ತವೆ. ಈ ಎರಡರ ಸ್ರಾವಕ್ಕೆ ಕಿವಿನಾಳದ ಗೋಡೆಯಿಂದ ಉದುರಿದ ಸತ್ತ ಚರ್ಮದ ಪದರಗಳು ಬೆರೆಯುತ್ತವೆ. ಜೊತೆಗೆ ಒಂದಿಷ್ಟು ಸಣ್ಣ ರೋಮ, ಹೊರಗಿನ ಧೂಳು ಸೇರುತ್ತದೆ. ಹೀಗೆ ಕೂಡಿದ್ದು ಗುಗ್ಗೆ.

ಪ್ರಮಾಣದಲ್ಲಿ ಹೇಳುವುದಾದರೆ ಗುಗ್ಗೆಯ ಸುಮಾರು 60 ಪ್ರತಿಶತ ಕೆರಾಟಿನ್, ಅಂದರೆ ನಮ್ಮ ಉಗುರು ಕೂದಲುಗಳು ಆಗಿರುವ ವಸ್ತುವೇ. 12ರಿಂದ 20 ಪ್ರತಿಶತ ಬಗೆಬಗೆಯ ಕೊಬ್ಬಿನಾಮ್ಲಗಳು ಮತ್ತು ಸ್ಕ್ವಾಲೀನ್‌ನಂತಹ ಜಿಡ್ಡುಗಳು. 6ರಿಂದ 9 ಪ್ರತಿಶತ ಕೊಲೆಸ್ಟರಾಲ್. ಹೊಸದಾಗಿ ಹುಟ್ಟಿದ ಗುಗ್ಗೆ ಜೇನಿನ ಬಣ್ಣದ್ದು, ಮೆದುವಾದದ್ದು. ದಿನ ಕಳೆದಂತೆ ಒಣಗಿ, ಗಾಳಿ ಧೂಳು ಸೋಕಿ ಕಂದು ಕಪ್ಪಾಗುತ್ತದೆ. ಬಣ್ಣ ಕಪ್ಪಾದರೆ ರೋಗವೆಂದು ಹೆದರಬೇಕಾಗಿಲ್ಲ.

ಅದರ ಕೆಲಸವೇನು?

ಗುಗ್ಗೆ ಮಾಡುವ ಕೆಲಸಗಳು ಮೂರು. ಮೊದಲನೆಯದು, ಕಿವಿನಾಳದ ತೆಳುಚರ್ಮ ಒಣಗಿ ಬಿರಿಯದಂತೆ ಜಿಡ್ಡಿನ ಪಸೆ ಹಿಡಿದಿಡುವುದು. ಸ್ನಾನದ ನೀರು ಚರ್ಮಕ್ಕೆ ಇಳಿಯದಂತೆ ತಡೆಯುವುದು. ಎರಡನೆಯದು, ಧೂಳು ಮತ್ತು ಸಣ್ಣ ಹುಳುಗಳನ್ನು ಅಂಟಿಸಿಕೊಂಡು ನಿಲ್ಲಿಸುವುದು. ಮೈಸೂರು ರಸ್ತೆಯಲ್ಲಿ ದಿನಕ್ಕೆ ಎರಡು ಬಾರಿ ದ್ವಿಚಕ್ರ ವಾಹನದಲ್ಲಿ ಓಡಾಡುವವರಿಗೆ ಇದರ ಬೆಲೆ ತಿಳಿಯಬೇಕು. ಮೂರನೆಯದು, ಸೂಕ್ಷ್ಮಜೀವಿಗಳನ್ನು ಹತೋಟಿಯಲ್ಲಿಡುವುದು. ಗುಗ್ಗೆ ತುಸು ಆಮ್ಲೀಯವಾದದ್ದು. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ಎದುರಿಸುವ ಲೈಸೊಜೈಮ್ ಎಂಬ ಕಿಣ್ವವೂ ಇದೆ. ಕಿವಿಯನ್ನು ಪದೇ ಪದೇ ಉಜ್ಜಿ 'ಸ್ವಚ್ಛ' ಮಾಡಿಕೊಳ್ಳುವವರಿಗೇ ಕಿವಿನಾಳದ ತುರಿಕೆ, ಶಿಲೀಂಧ್ರದ ಸೋಂಕು, ಕುರುಗಳು ಹೆಚ್ಚಾಗಿ ಬರುವುದನ್ನು ನಾನು ಕಂಡಿದ್ದೇನೆ. ಕಾವಲುಗಾರನನ್ನು ಓಡಿಸಿ ಬಾಗಿಲು ತೆರೆದಿಟ್ಟರೆ ಇನ್ನೇನಾದೀತು?

ಪ್ರಕೃತಿ ಇಲ್ಲಿ ಇನ್ನೊಂದು ಸೋಜಿಗವನ್ನು ಇರಿಸಿದೆ. ದೇಹದ ಬೇರೆಡೆ ಚರ್ಮ ಇದ್ದಲ್ಲಿಯೇ ಪದರವಾಗಿ ಉದುರುತ್ತದೆ. ಕಿವಿಯೊಳಗೆ ಹಾಗೆ ಉದುರಿದರೆ ನಾಳ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಅಲ್ಲಿನ ಚರ್ಮ ಚಲಿಸುತ್ತದೆ. ತಮಟೆಯ ನಡುಭಾಗದಿಂದ ಹೊರಟು, ಅಂಚಿಗೆ ಬಂದು, ನಾಳದ ಗೋಡೆಯುದ್ದಕ್ಕೂ ಹೊರಬಾಗಿಲಿನತ್ತ ನಿಧಾನವಾಗಿ ಸರಿಯುತ್ತದೆ. ಅದರ ವೇಗ ಹೆಚ್ಚುಕಡಿಮೆ ಬೆರಳಿನ ಉಗುರು ಬೆಳೆಯುವಷ್ಟು: ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಈ ಚಲಿಸುವ ಚರ್ಮದ ಮೇಲೆ ಕುಳಿತು ಗುಗ್ಗೆಯೂ ಹೊರಗೆ ಬರುತ್ತದೆ. ನಾವು ಆಹಾರ ಅಗಿಯುವಾಗ, ಮಾತನಾಡುವಾಗ ದವಡೆಯ ಅಲುಗಾಟವೂ ಅದಕ್ಕೆ ನೆರವಾಗುತ್ತದೆ. ಹೊರಬಂದ ಗುಗ್ಗೆ ಒಣಗಿ ತಾನೇ ಉದುರಿಹೋಗುತ್ತದೆ. ಸ್ನಾನವಾದ ಮೇಲೆ ಟವೆಲಿನಿಂದ ಹಾಲೆಯನ್ನು ಒರೆಸಿದರೆ ಉಳಿದದ್ದೂ ಹೋಗುತ್ತದೆ. ಆರೋಗ್ಯವಂತ ಕಿವಿಗೆ ಇದಕ್ಕಿಂತ ಹೆಚ್ಚಿನ ಶುಚಿ ಬೇಕಿಲ್ಲ.

ಒಣ ಗುಗ್ಗೆ, ಜಿಡ್ಡು ಗುಗ್ಗೆ

ಕೆಲವರ ಗುಗ್ಗೆ ಅಂಟಂಟಾಗಿ ಕಂದು ಬಣ್ಣದ್ದಾಗಿರುತ್ತದೆ; ಇನ್ನು ಕೆಲವರದು ಒಣಗಿದ ಹೊಟ್ಟಿನಂತೆ ಬೂದು ಬಣ್ಣದ್ದು. ಇದಕ್ಕೆ ಆಹಾರವಾಗಲಿ ಸ್ನಾನವಾಗಲಿ ಕಾರಣವಲ್ಲ; ಇದು ತಾಯಿತಂದೆಯರಿಂದ ಬಂದದ್ದು. ಜಪಾನಿನ ನಾಗಾಸಾಕಿ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಡಗೂಡಿ 2006ರಲ್ಲಿ ಇದನ್ನು ನಿರ್ಧರಿಸುವ ವಂಶವಾಹಿಯನ್ನು ಗುರುತಿಸಿದರು. ಎಬಿಸಿಸಿ11 ಎಂಬ ಆ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸವಿದ್ದರೆ ಗುಗ್ಗೆ ಒಣಗಿದ್ದಾಗುತ್ತದೆ. ತಾಯಿತಂದೆ ಇಬ್ಬರಿಂದಲೂ ಆ ವ್ಯತ್ಯಾಸ ಬಂದರೆ ಮಾತ್ರ ಒಣ ಗುಗ್ಗೆ; ಒಬ್ಬರಿಂದ ಬಂದರೆ ಜಿಡ್ಡು ಗುಗ್ಗೆಯೇ. ಚೀನಾ, ಕೊರಿಯಾ, ಜಪಾನುಗಳಲ್ಲಿ ಒಣ ಗುಗ್ಗೆಯವರು ಬಹುಸಂಖ್ಯಾತರು. ಆಫ್ರಿಕಾ, ಯೂರೋಪುಗಳಲ್ಲಿ ಜಿಡ್ಡಿನದೇ ಹೆಚ್ಚು. ನಮ್ಮ ದೇಶದಲ್ಲಿ ಎರಡೂ ಬಗೆಯವರಿದ್ದಾರೆ.

ಹಾಗಾಗಿ ಒಂದೇ ಮನೆಯಲ್ಲಿ ಅಣ್ಣನ ಗುಗ್ಗೆ ಒಂದು ಬಗೆ, ತಂಗಿಯದು ಇನ್ನೊಂದು ಬಗೆ ಇದ್ದರೆ ಯಾರ ಕಿವಿಯೂ ಕೆಟ್ಟಿಲ್ಲವೆಂದು ತಿಳಿಯಬೇಕು.

ಆಯುರ್ವೇದದ ದೃಷ್ಟಿ

ನಮ್ಮ ಪ್ರಾಚೀನರು ಇದನ್ನು ಎಷ್ಟು ಚೆನ್ನಾಗಿ ಗಮನಿಸಿದ್ದರೆಂಬುದು ಅಚ್ಚರಿಯ ಸಂಗತಿ. ಆಯುರ್ವೇದದ ಪ್ರಕಾರ ರಸದಿಂದ ಶುಕ್ರದವರೆಗಿನ ಏಳು ಧಾತುಗಳು ಪಾಕವಾಗುವಾಗ ಒಂದೊಂದರಿಂದಲೂ ಒಂದು ಮಲ ಹೊರಡುತ್ತದೆ. ಮೇದೋಧಾತುವಿನ ಮಲ ಬೆವರು. ಅಸ್ಥಿಧಾತುವಿನ ಮಲ ಉಗುರು ರೋಮಗಳು. ಕಿವಿ, ಮೂಗು ಮೊದಲಾದ ರಂಧ್ರಗಳಲ್ಲಿ ತೋರುವ 'ಖಮಲ'ವು ಮಾಂಸಧಾತುವಿನ ಮಲ. ಮಲವೆಂದರೆ ಅಸಹ್ಯವೆಂದಲ್ಲ. ದೋಷ, ಧಾತು, ಮಲ ಈ ಮೂರೂ ಸಮಸ್ಥಿತಿಯಲ್ಲಿದ್ದಾಗಲೇ ದೇಹ ಆರೋಗ್ಯದಿಂದಿರುತ್ತದೆ. ಅಂದರೆ ಕಿವಿಯ ಗುಗ್ಗೆಯೂ ಇರಬೇಕಾದಷ್ಟು ಇರಲೇಬೇಕು.

ಅದು ಮಿತಿಮೀರಿ ಗಟ್ಟಿಯಾದಾಗ ರೋಗವಾಗುತ್ತದೆ. ಸುಶ್ರುತಸಂಹಿತೆಯ ಉತ್ತರತಂತ್ರವು ಕಿವಿಯ ರೋಗಗಳನ್ನು 28 ಎಂದು ಎಣಿಸಿದೆ. ಅವುಗಳಲ್ಲಿ 'ಕರ್ಣಗೂಥ' ಒಂದು. ಕಿವಿಯಲ್ಲಿನ ಕಫವು ಪಿತ್ತದ ಬಿಸಿಯಿಂದ ಒಣಗಿ ಗಟ್ಟಿಯಾಗುವುದೇ ಕರ್ಣಗೂಥವೆಂದು ಅಲ್ಲಿ ವಿವರಿಸಲಾಗಿದೆ. ಚಿಕಿತ್ಸೆಯ ಕ್ರಮವೂ ಸ್ಪಷ್ಟವಾಗಿದೆ: ಮೊದಲು ತೈಲದಿಂದ ನೆನೆಸಬೇಕು, ಸ್ವೇದದಿಂದ ಕರಗಿಸಬೇಕು, ಆ ಮೇಲೆ ವೈದ್ಯನು ಶಲಾಕೆ ಎಂಬ ಸಲಕರಣೆಯಿಂದ ಜಾಗರೂಕತೆಯಿಂದ ಹೊರತೆಗೆಯಬೇಕು. ಮೆದುಗೊಳಿಸಿ ತೆಗೆಯುವ ಈ ಕ್ರಮವೇ ಇಂದಿನ ಕಿವಿ ಮೂಗು ಗಂಟಲಿನ ವೈದ್ಯರ ಕ್ರಮವೂ ಆಗಿದೆ. ಶಲಾಕೆ ಹಿಡಿಯುವವನು ವೈದ್ಯ ಎಂಬುದನ್ನು ಮಾತ್ರ ನಾವು ಮರೆತೆವು. ಶಲಾಕೆಯ ಜಾಗಕ್ಕೆ ಬೆಂಕಿಕಡ್ಡಿ, ಹೇರ್‌ಪಿನ್ನು, ಬೀಗದ ಕೀಲಿ, ಪೆನ್ನಿನ ಮುಚ್ಚಳ ಬಂದವು. ವೈದ್ಯನ ಜಾಗಕ್ಕೆ ನಾವೇ ಬಂದೆವು.

ಕಡ್ಡಿ ಮಾಡುವ ಅನಾಹುತ

1980ರ ದಶಕದಲ್ಲಿ ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಕೆಂಪು ರುಮಾಲು ಸುತ್ತಿ, ಕಿವಿಯ ಮೇಲೆ ಹತ್ತಿ ಸುತ್ತಿದ ಕಡ್ಡಿ ಸಿಕ್ಕಿಸಿಕೊಂಡು ಮೆಜೆಸ್ಟಿಕ್ಕಿನ ಸುತ್ತಮುತ್ತ ಅಲೆಯುವ ಕಿವಿ ಶುಚಿ ಮಾಡುವವರನ್ನು ಕಾಣುತ್ತಿದ್ದೆ. ಬಸ್ಸಿಗೆ ಕಾಯುತ್ತಿದ್ದ ಹಳ್ಳಿಯವರು ಅವರೆದುರು ಕುಳಿತು ಕಿವಿಯೊಪ್ಪಿಸುತ್ತಿದ್ದರು. ಒಂದೇ ಕಡ್ಡಿ ಹತ್ತು ಜನರ ಕಿವಿಗೆ. ಈಗ ಅವರು ಅಪರೂಪವಾಗಿದ್ದಾರೆ. ಆದರೆ ಅವರ ಕೆಲಸವನ್ನು ಪ್ರತಿ ಮನೆಯ ಕನ್ನಡಿಯ ಮುಂದೆ 'ಬಡ್ಸ್' ಮುಂದುವರಿಸಿದೆ.

ಹತ್ತಿ ತುದಿಯ ಈ ಕಡ್ಡಿಯನ್ನು 1923ರಲ್ಲಿ ಅಮೆರಿಕದ ಲಿಯೋ ಗೆರ್‌ಸ್ಟೆನ್‌ಜಾಂಗ್ ಎಂಬವರು ರೂಪಿಸಿದರು. ಅದು ಮೊದಲು ಬಂದದ್ದು ಶಿಶುಗಳ ಆರೈಕೆಗಾಗಿ. ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿಯ ಬಡ್ಸ್‌ಗಳನ್ನು ಪರಿಸರದ ಕಾರಣಕ್ಕಾಗಿ ನಿಷೇಧಿಸಲಾಗಿದೆ. ಈಗ ಬರುವುದು ಕಾಗದದ, ಬಿದಿರಿನ ಕಡ್ಡಿ. ಕಡ್ಡಿ ಯಾವುದಾದರೂ ಕಿವಿಗಾಗುವ ತೊಂದರೆ ಒಂದೇ.

ಬಡ್ಸ್‌ನ ತುದಿ ಕಿವಿನಾಳದ ಅಗಲಕ್ಕೆ ಹೆಚ್ಚುಕಡಿಮೆ ಸರಿಹೊಂದುವಷ್ಟು ದಪ್ಪ. ಹಳೆಯ ಕಾಲದ ತುಪಾಕಿಗೆ ಮದ್ದು ತುಂಬಿ ಗಜದಿಂದ ಒತ್ತುತ್ತಿದ್ದರಲ್ಲ, ಹಾಗೆ ಅದು ಗುಗ್ಗೆಯನ್ನು ಒಳಕ್ಕೆ ಒತ್ತುತ್ತದೆ. ಹತ್ತಿಗೆ ಹತ್ತಿದ ಸ್ವಲ್ಪ ಗುಗ್ಗೆಯನ್ನು ಕಂಡು ನಮಗೆ ಸಮಾಧಾನವಾಗುತ್ತದೆ. ಉಳಿದದ್ದು ತನ್ನಿಂದ ತಾನೇ ಹೊರಬರಲಾಗದ ಎಲುಬಿನ ಭಾಗಕ್ಕೆ ಸರಿದಿರುತ್ತದೆ. ದಿನವೂ ಒತ್ತುತ್ತ ಹೋದರೆ ವರ್ಷಗಳಲ್ಲಿ ಅದೊಂದು ಬಿರಡೆಯಾಗುತ್ತದೆ. ಜೊತೆಗೆ ಚರ್ಮ ಗೀರಿ ಸೋಂಕಾಗುವುದು, ಮಗು ಬಂದು ಕೈಗೆ ತಗುಲಿ ತಮಟೆ ಹರಿಯುವುದು, ಹತ್ತಿ ಒಳಗೇ ಕಳಚಿಕೊಳ್ಳುವುದು ಇವೆಲ್ಲ ಇದ್ದದ್ದೇ.

ಇತ್ತೀಚೆಗೆ ಇನ್ನೊಂದು ಬಂದಿದೆ. ಕಿವಿಗೆ ಟೊಳ್ಳಾದ ಮೇಣದ ಬತ್ತಿ ಇಟ್ಟು ಹಚ್ಚಿದರೆ ಅದು ಗುಗ್ಗೆಯನ್ನು ಎಳೆದುಕೊಳ್ಳುತ್ತದೆಂದು ಮಾರುತ್ತಾರೆ. ಪರೀಕ್ಷಿಸಿ ನೋಡಿದವರು ಕಂಡುಕೊಂಡದ್ದೇನೆಂದರೆ, ಅದು ಏನನ್ನೂ ಎಳೆಯುವುದಿಲ್ಲ. ಬತ್ತಿಯಲ್ಲಿ ಉಳಿಯುವುದು ಬತ್ತಿಯದೇ ಮೇಣ. ಕಿವಿ ಸುಟ್ಟುಕೊಂಡವರಿದ್ದಾರೆ. ಮೊಬೈಲಿಗೆ ಜೋಡಿಸುವ ಕ್ಯಾಮೆರಾ ಕಡ್ಡಿಗಳ ವಿಷಯದಲ್ಲಿಯೂ ನನ್ನ ಸಲಹೆ ಇದೇ: ಕಿವಿಯೊಳಗೆ ಕಾಣುವುದೆಲ್ಲ ತೆಗೆಯಬೇಕಾದದ್ದಲ್ಲ.

ಎಣ್ಣೆ ಬಿಡಬಹುದೇ? ನನ್ನದೇ ತಪ್ಪೊಂದು

ಆಯುರ್ವೇದದ ವೈದ್ಯನಾದ ನನ್ನನ್ನು ಭಕ್ತರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕಿವಿಗೆ ತೈಲ ತುಂಬುವ ಕರ್ಣಪೂರಣವನ್ನು ನಮ್ಮ ಶಾಸ್ತ್ರ ದಿನಚರಿಯಲ್ಲೇ ಹೇಳಿದೆ. ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂಬುದು ವಾಗ್ಭಟರ ಮಾತು. ಕಿವುಡುತನದ ಚಿಕಿತ್ಸೆಯಲ್ಲಿ ಬಿಲ್ವದಿಂದ ಸಿದ್ಧಪಡಿಸಿದ ತೈಲಕ್ಕೆ ಹೆಸರಿದೆ. ಇವೆಲ್ಲ ಸತ್ಯ. ಆದರೆ ಇವು ತಮಟೆ ಸರಿಯಿರುವ ಕಿವಿಗೆ ಸಲ್ಲುವ ಮಾತುಗಳು.

ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕಿವಿನೋವೆಂದು ಕರೆತಂದರು. ನನ್ನ ಬಳಿ ಆಗ ಓಟೋಸ್ಕೋಪ್ ಇರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಹೊರಗಿನಿಂದಷ್ಟೇ ನೋಡಿ, ಒಂದಿಷ್ಟು ಗುಗ್ಗೆ ಕಂಡು, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬೆಚ್ಚಗೆ ಬಿಡಿಸಿದೆ. ಹಿಂದೆ ಕಿವಿ ಸೋರಿತ್ತೇ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಆ ಮಗುವಿನ ತಮಟೆಯಲ್ಲಿ ಮೊದಲೇ ರಂಧ್ರವಿತ್ತು. ಎಣ್ಣೆ ನಡುಗಿವಿಗೆ ಇಳಿದು ಸೋಂಕು ಕೆರಳಿತು. ಕೀವು ನಿಲ್ಲಲು ತಿಂಗಳುಗಳು ಹಿಡಿದವು. ಆ ಕಿವಿಯ ಕೇಳ್ಮೆ ಪೂರ್ತಿಯಾಗಿ ಮರಳಲಿಲ್ಲ. ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದು ಇಂದಿಗೂ ನನ್ನನ್ನು ಕಾಡುತ್ತದೆ. ಆ ತಿಂಗಳ ಸಂಪಾದನೆಯಲ್ಲಿ ನಾನು ಕೊಂಡ ಮೊದಲ ವಸ್ತು ಓಟೋಸ್ಕೋಪ್. ಅಂದಿನಿಂದ ನೋಡದೆ, ಕೇಳದೆ ಯಾರ ಕಿವಿಗೂ ಒಂದು ಹನಿ ಹಾಕಿಸಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಕಿವಿ ಈಗ ಸೋರುತ್ತಿದ್ದರೆ ಅಥವಾ ಹಿಂದೆ ಎಂದಾದರೂ ಸೋರಿದ್ದರೆ, ತಮಟೆಯಲ್ಲಿ ರಂಧ್ರವಿದೆಯೆಂದು ವೈದ್ಯರು ಹೇಳಿದ್ದರೆ, ಕಿವಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ, ಜ್ವರದೊಡನೆ ಕಿವಿನೋವಿದ್ದರೆ ಎಣ್ಣೆಯನ್ನಾಗಲಿ, ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನಾಗಲಿ ಬಿಡಲೇಬಾರದು. ಬಾಣಂತನದ ಮನೆಯಲ್ಲಿ ಎಳೆಗೂಸಿಗೆ ಎಣ್ಣೆಸ್ನಾನ ಮಾಡಿಸುವಾಗ ಕಿವಿಗೆ ಎಣ್ಣೆ ಹಾಕಿ, ಬಾಯಿಂದ ಊದುವ ಪದ್ಧತಿ ಇನ್ನೂ ಇದೆ. ಅದನ್ನು ಕೈಬಿಡಿ. ಮೈಗೆ ಎಣ್ಣೆ ಹಚ್ಚಿ, ಕಿವಿಯ ಹಾಲೆಗೂ ಹಚ್ಚಿ, ನಾಳಕ್ಕೆ ಬೇಡ.

ಕಿವಿ ಆರೋಗ್ಯವಾಗಿದ್ದು, ಗುಗ್ಗೆ ಗಟ್ಟಿಯಾಗಿದೆಯೆಂದು ವೈದ್ಯರು ನೋಡಿ ಹೇಳಿದ ಮೇಲೆ, ಅವರ ಸಲಹೆಯಂತೆ ಮೂರು ನಾಲ್ಕು ದಿನ ಕೆಲವು ಹನಿ ಉಗುರುಬೆಚ್ಚಗಿನ ಎಣ್ಣೆ ಬಿಡುವುದು ಒಳ್ಳೆಯದೇ. ಹನಿಯನ್ನು ಮೊದಲು ಮುಂಗೈ ಮೇಲೆ ಹಾಕಿ ಬಿಸಿ ನೋಡಬೇಕು. ಗುಗ್ಗೆಯನ್ನು ಮೆದುಗೊಳಿಸುವ ಬಗೆಬಗೆಯ ಹನಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಒಟ್ಟು ಪರಿಶೀಲನೆಯಲ್ಲಿ, ಒಂದಕ್ಕಿಂತ ಇನ್ನೊಂದು ಮೇಲು ಎಂದು ಹೇಳಲು ಆಧಾರ ದೊರೆತಿಲ್ಲ. ದುಬಾರಿ ಹನಿಯೇ ಬೇಕೆಂದೇನೂ ಇಲ್ಲ.

ತೆಗೆಸಬೇಕಾದದ್ದು ಯಾವಾಗ, ಹೇಗೆ?

ಗುಗ್ಗೆ ಕಂಡಿತೆಂದು ತೆಗೆಸಬೇಕಾಗಿಲ್ಲ. ತೊಂದರೆ ಕೊಟ್ಟರೆ ತೆಗೆಸಬೇಕು. ಕಿವಿ ತುಂಬಿದಂತಾಗುವುದು, ಮಂದವಾಗಿ ಕೇಳುವುದು, ಗುಂಯ್‌ಗುಡುವುದು, ತುರಿಕೆ, ಸ್ನಾನ ಮಾಡಿದೊಡನೆ ಕಿವಿ ಥಟ್ಟನೆ ಮುಚ್ಚಿಕೊಳ್ಳುವುದು ಇದರ ಲಕ್ಷಣಗಳು. ಒಳಗಿದ್ದ ಗುಗ್ಗೆ ನೀರು ಹೀರಿ ಉಬ್ಬುವುದರಿಂದ ಕೊನೆಯದು ಆಗುತ್ತದೆ. ಕೆಲವರಲ್ಲಿ ಕಾರಣ ತಿಳಿಯದ ಒಣಕೆಮ್ಮೂ ಇರುತ್ತದೆ. ಕಿವಿನಾಳಕ್ಕೆ ಬರುವ ನರವೊಂದು ಗಂಟಲು, ಶ್ವಾಸಕೋಶಗಳಿಗೆ ಹೋಗುವ ವೇಗಸ್ ನರದ ಕವಲಾಗಿರುವುದೇ ಇದಕ್ಕೆ ಕಾರಣ.

ವೈದ್ಯರು ಮೂರು ಬಗೆಯಲ್ಲಿ ಗುಗ್ಗೆ ತೆಗೆಯುತ್ತಾರೆ: ನೀರು ಹಾಯಿಸಿ, ಸಣ್ಣ ಕೊಂಡಿಯಂತಹ ಸಲಕರಣೆಯಿಂದ, ಇಲ್ಲವೇ ಹೀರುಗೊಳವೆಯಿಂದ. ಹಾಯಿಸುವ ನೀರು ದೇಹದ ಶಾಖದಷ್ಟೇ, ಅಂದರೆ ಸುಮಾರು 37 ಡಿಗ್ರಿ ಬೆಚ್ಚಗಿರಬೇಕು. ತಣ್ಣಗಿದ್ದರೂ ಬಿಸಿಯಿದ್ದರೂ ತಲೆ ತಿರುಗುತ್ತದೆ. ವಿಯೆನ್ನಾ ನಗರದ ವೈದ್ಯ ರಾಬರ್ಟ್ ಬಾರಾನಿ ತಮ್ಮ ರೋಗಿಗಳ ಕಿವಿಗೆ ನೀರು ಹಾಯಿಸುವಾಗ ಇದನ್ನೇ ಗಮನಿಸಿದರು. ಆ ಜಾಡು ಹಿಡಿದು ಒಳಗಿವಿಯಲ್ಲಿರುವ ದೇಹದ ಸಮತೋಲನದ ಅಂಗವನ್ನು ಕುರಿತು ಮಹತ್ವದ ಸಂಶೋಧನೆ ಮಾಡಿದರು. ಅದಕ್ಕೆ 1914ರ ನೊಬೆಲ್ ಪ್ರಶಸ್ತಿ ಬಂತು.

ಮಧುಮೇಹಿಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅವರ ಕಿವಿನಾಳದಲ್ಲಿ ಗಾಯವಾಗಿ ನೀರು ನಿಂತರೆ ಸೋಂಕು ಎಲುಬಿನವರೆಗೂ ಇಳಿಯಬಹುದು. ಅದು ಪ್ರಾಣಕ್ಕೇ ಕುತ್ತು. ಅವರಿಗೆ ಹೀರುಗೊಳವೆಯೇ ಲೇಸು. ಇನ್ನು ಕಿವಿಯಿಂದ ರಕ್ತ ಅಥವಾ ಕೀವು ಬಂದರೆ, ಥಟ್ಟನೆ ಒಂದು ಕಿವಿ ಕೇಳಿಸದಂತಾದರೆ, ಜೊತೆಗೆ ಮುಖ ಸೊಟ್ಟಗಾದರೆ ಅದನ್ನು ಗುಗ್ಗೆಯೆಂದು ಮನೆಯಲ್ಲಿ ಕೂರದೆ ಅದೇ ದಿನ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಬೇಕು.

ಹಿರಿಯರ ಕಿವಿ

ವಯಸ್ಸಾದಂತೆ ಕಿವಿಯ ಗ್ರಂಥಿಗಳ ಸ್ರಾವ ಕಡಿಮೆಯಾಗಿ ಗುಗ್ಗೆ ಒಣಗಿ ಗಟ್ಟಿಯಾಗುತ್ತದೆ. ಗಂಡಸರಲ್ಲಿ ಕಿವಿಯ ರೋಮ ಒರಟಾಗಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಶ್ರವಣ ಸಾಧನ ಹಾಕಿಕೊಳ್ಳುವವರಲ್ಲಿ ಸಾಧನವೇ ದಾರಿಗೆ ಅಡ್ಡವಾಗುತ್ತದೆ. ನಾಳ ಪೂರ್ತಿ ಮುಚ್ಚಿದರೆ ಕೇಳ್ಮೆ 30ರಿಂದ 40 ಡೆಸಿಬಲ್‌ವರೆಗೂ ಕುಗ್ಗಬಹುದು. ಪಿಸುಮಾತು ಸುಮಾರು 30 ಡೆಸಿಬಲ್, ಎಂದಿನ ಮಾತುಕತೆ ಸುಮಾರು 60 ಡೆಸಿಬಲ್ ಎಂಬುದನ್ನು ನೆನೆದರೆ, ಇದು ಎಷ್ಟು ದೊಡ್ಡ ನಷ್ಟವೆಂದು ಅರಿವಾಗುತ್ತದೆ.

ಇದು ಅಪರೂಪದ ತೊಂದರೆಯೂ ಅಲ್ಲ. ಕೇಂದ್ರ ಸರ್ಕಾರವು 2006-07ರಲ್ಲಿ ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದರ ದಾಖಲೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಯೊಂದರ ಅಂಕಿಗಳಿವೆ. ಅವುಗಳ ಪ್ರಕಾರ ನಮ್ಮ ದೇಶದಲ್ಲಿ ಸರಿಪಡಿಸಬಹುದಾದ ಶ್ರವಣದೋಷಕ್ಕೆ ಅತಿ ಸಾಮಾನ್ಯ ಕಾರಣ ಕಿವಿಯ ಗುಗ್ಗೆ: 15.9 ಪ್ರತಿಶತ. ವಯಸ್ಸಿನಿಂದ ಮತ್ತು ಸೋಂಕಲ್ಲದ ಇತರ ಕಾರಣಗಳಿಂದ ಬರುವುದು 10.3 ಪ್ರತಿಶತ, ದೀರ್ಘಕಾಲ ಸೋರುವ ಕಿವಿಯಿಂದ 5.2 ಪ್ರತಿಶತ. ಔಷಧಿ, ಶಸ್ತ್ರಚಿಕಿತ್ಸೆ, ಯಂತ್ರ ಯಾವುದೂ ಬೇಡದೆ ಕೆಲವೇ ನಿಮಿಷಗಳಲ್ಲಿ ನೀಗಬಹುದಾದ ಕಾರಣವೇ ಎಲ್ಲಕ್ಕಿಂತ ಮುಂದಿದೆ.

ಶ್ರವಣದೋಷವು ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗವೂ ಹೇಳಿದೆ. ಗುಗ್ಗೆಯಿಂದ ಮರೆವು ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಕೇಳಿಸದವರನ್ನು ಮಾತನಾಡಿಸುವವರು ಕಡಿಮೆಯಾಗುತ್ತಾರೆ. ಮಾತು ಕಡಿಮೆಯಾದಂತೆ ಮನಸ್ಸು ಮುದುಡುತ್ತದೆ. ಮನೆಯ ಹಿರಿಯರು ಉತ್ತರ ಕೊಡುತ್ತಿಲ್ಲವೆಂದರೆ, ಮರೆವು, ಮೊಂಡುತನ ಎಂದು ಹೆಸರಿಡುವ ಮೊದಲು ಅವರ ಕಿವಿಯನ್ನು ಒಮ್ಮೆ ತೋರಿಸಿ. ಹೆಚ್ಚಿನ ಶ್ರವಣ ಪರೀಕ್ಷೆ ಬೇಕಾದವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶಕ್ಕೇ ಮಾದರಿಯಾದ ಈ ಸಂಸ್ಥೆ ಕೆಂಗೇರಿಯಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ.

ಮೇಷ್ಟ್ರ ಮಾತು

ಈಗ ಮೇಷ್ಟ್ರ ಕಥೆಗೆ ಬರೋಣ. ಕಿವಿ ಎಂದೂ ಸೋರಿಲ್ಲ, ನೋವಿಲ್ಲ ಎಂದು ಕೇಳಿ ತಿಳಿದ ಬಳಿಕ ನಾಲ್ಕು ದಿನ ಬೆಚ್ಚಗಿನ ತೈಲದ ಹನಿ ಬಿಡಿಸಿದೆ. ಅವರಿಗೆ ಮಧುಮೇಹವಿದ್ದುದರಿಂದ ನೀರು ಹಾಯಿಸುವ ಗೋಜಿಗೆ ಹೋಗದೆ, ಪರಿಚಯದ ಕಿವಿ ಮೂಗು ಗಂಟಲು ತಜ್ಞರ ಬಳಿಗೆ ಕಳುಹಿಸಿ ನಾನೂ ಜೊತೆಗೆ ಹೋದೆ. ಹತ್ತು ನಿಮಿಷದ ಕೆಲಸ. ಬಲಗಿವಿಯಿಂದ ಹುಣಿಸೆ ಬೀಜದಷ್ಟು ದೊಡ್ಡ ಗಟ್ಟಿ ಗುಗ್ಗೆ ಹೊರಬಂತು; ಎಡಗಿವಿಯದು ಚೂರುಚೂರಾಗಿ ಬಂತು. ಮೇಷ್ಟ್ರು ತಲೆಯೆತ್ತಿ ಮೇಲೆ ನೋಡಿದರು. "ಈ ಫ್ಯಾನು ಇಷ್ಟು ಸದ್ದು ಮಾಡುತ್ತಾ?" ಎಂದರು. ಮಗ ಬಾಗಿಲ ಬಳಿ ನಿಂತು ಮುಖ ಆಚೆ ತಿರುಗಿಸಿಕೊಂಡರು.

ಎಲ್ಲವೂ ಗುಗ್ಗೆಯಿಂದಲೇ ಆದದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬಳಿಕ ಮಾಡಿಸಿದ ಶ್ರವಣ ಪರೀಕ್ಷೆಯಲ್ಲಿ ವಯೋಸಹಜವಾದ ಅಲ್ಪ ಕಿವುಡುತನ ಕಂಡುಬಂತು. ಸಣ್ಣದೊಂದು ಶ್ರವಣ ಸಾಧನ ಹಾಕಿಕೊಂಡಿದ್ದಾರೆ. ಆರು ತಿಂಗಳಿಗೊಮ್ಮೆ ಕಿವಿ ತೋರಿಸಿಕೊಂಡು ಹೋಗುತ್ತಾರೆ. ಬಡ್ಸ್ ಡಬ್ಬಿಯನ್ನು ಸೊಸೆ ಕಸದ ಬುಟ್ಟಿಗೆ ಹಾಕಿದರಂತೆ.

ಕಳೆದ ತಿಂಗಳ ಪ್ರವಚನದ ದಿನ ಅವರು ಮುಂದಿನ ಸಾಲಿನಲ್ಲಿದ್ದರು. ಪ್ರಸಾದದ ಸಾಲಿನಲ್ಲಿ ಸಿಕ್ಕಾಗ ನೋಟ್ ಪುಸ್ತಕ ತೆರೆದು ತೋರಿಸಿದರು. ನಡುವೆ ಏಳೆಂಟು ಹಾಳೆ ಖಾಲಿ ಬಿಟ್ಟಿದ್ದರು. "ಇದೇನು ಮೇಷ್ಟ್ರೇ?" ಎಂದೆ. "ಕೇಳಿಸಿಕೊಳ್ಳದೆ ಹೋದ ಪ್ರವಚನಗಳಿಗೆ ಜಾಗ ಬಿಟ್ಟಿದ್ದೀನಿ ಡಾಕ್ಟ್ರೇ. ಯಾರಾದರೂ ಬರೆದುಕೊಂಡವರು ಸಿಕ್ಕರೆ ಕೇಳಿ ತುಂಬಿಸಬೇಕು" ಎಂದರು.

ಓದುಗರಲ್ಲಿ ಯಾರಾದರೂ ಬರೆದುಕೊಂಡಿದ್ದರೆ ಅವರಿಗೆ ತಲುಪಿಸುವ ಕೃಪೆ ಮಾಡಬೇಕು. ಹಾಗೆಯೇ ಇಂದು ಸಂಜೆ ಮನೆಯ ಹಿರಿಯರನ್ನು ಅವರ ಬೆನ್ನ ಹಿಂದೆ ನಿಂತು, ಎಂದಿನ ದನಿಯಲ್ಲಿ ಒಮ್ಮೆ ಕರೆದು ನೋಡಿ. ತಿರುಗದಿದ್ದರೆ ಸಿಟ್ಟಾಗದೆ ವೈದ್ಯರ ಬಳಿಗೆ ಕರೆದೊಯ್ಯಿರಿ.